ಮೊದಲು ನೋಟ, ಆಮೇಲೆ ನೀರು

ಹತ್ತು ಕುಂಡ ಇಟ್ಟುಕೊಂಡವರ ಮನೆಯಲ್ಲೂ ಇನ್ನೂರು ಕುಂಡ ಇಟ್ಟುಕೊಂಡವರ ಮನೆಯಲ್ಲೂ ಗಿಡದ ಸ್ವಭಾವ ಒಂದೇ. ಬದಲಾಗುವುದು ನಮ್ಮ ಸಮಯ. ಹತ್ತೇ ಇದ್ದಾಗ ಪ್ರತಿಯೊಂದರ ಮುಂದೆಯೂ ನಿಂತು ಮಾತನಾಡಿಸುತ್ತೇವೆ. ಇನ್ನೂರು ದಾಟಿದ ಮೇಲೆ ಪೈಪು ಹಿಡಿದು ಸಾಲಾಗಿ ನೀರು ಬಿಟ್ಟು ಕೆಲಸ ಮುಗಿಸೋಣ ಅನಿಸುತ್ತದೆ. ಗಿಡಗಳು ಕೆಡಲು ಶುರುವಾಗುವುದು ಅಲ್ಲಿಂದ. ನಮ್ಮದು ಬೆಂಗಳೂರಿನ ಹಳೆಯ ಬಡಾವಣೆಯೊಂದರ ಮಹಡಿ ಮನೆ. ಹಜಾರ, ಮೆಟ್ಟಿಲು, ಬಾಲ್ಕನಿ, ಬಚ್ಚಲಿನ ಕಿಟಕಿ, ಎಲ್ಲೆಲ್ಲೂ ಕುಂಡಗಳು. ಸಾಗರದ ಕಡೆಯ ತವರಿನಿಂದ ತಂದವು ಕೆಲವು, ನರ್ಸರಿಯವು ಹಲವು, ಪರಿಚಿತರು ಕೊಟ್ಟವು ಎಲ್ಲಕ್ಕಿಂತ ಹೆಚ್ಚು. ವರ್ಷಗಟ್ಟಲೆ ಅವುಗಳ ನಡುವೆ ಓಡಾಡಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

1. ವಾರದ ಲೆಕ್ಕದಲ್ಲಿ ನೀರು ಹಾಕಬಾರದು

ಸೋಮವಾರ, ಗುರುವಾರ ನೀರು ಎಂದು ಪಟ್ಟಿ ಮಾಡಿಕೊಂಡರೆ ನಮಗೆ ಅನುಕೂಲ, ಗಿಡಕ್ಕೆ ಅಲ್ಲ. ಮಾರ್ಚಿಯಲ್ಲಿ ಎರಡೇ ದಿನಕ್ಕೆ ಒಣಗುವ ಕುಂಡ ಆಗಸ್ಟಿನ ಮೋಡದಲ್ಲಿ ಹತ್ತು ದಿನವಾದರೂ ಒದ್ದೆಯಾಗಿರುತ್ತದೆ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲಿ ಸದಾ ನೀರೇ ತುಂಬಿದ್ದರೆ ಆಮ್ಲಜನಕ ಸಿಗದೆ ಬೇರು ಸಾಯುತ್ತದೆ, ಸತ್ತ ಬೇರಿಗೆ ಶಿಲೀಂಧ್ರ ಹತ್ತಿ ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯಲಾರದು, ಎಲೆ ಬಾಡುತ್ತದೆ. ಬಾಡಿದ್ದನ್ನು ಕಂಡವರು ಬಾಯಾರಿದೆ ಎಂದುಕೊಂಡು ಮತ್ತೆ ನೀರು ಹಾಕುತ್ತಾರೆ. ಮನೆಯೊಳಗಿನ ಗಿಡಗಳು ಹೆಚ್ಚಾಗಿ ಸಾಯುವುದು ಹೀಗೆ.

ಪರೀಕ್ಷೆ ಸುಲಭ. ಸಣ್ಣ ಕುಂಡವಾದರೆ ಎತ್ತಿ ನೋಡಿ. ನೀರು ಕುಡಿದ ಕುಂಡಕ್ಕೂ ಒಣಗಿದ ಕುಂಡಕ್ಕೂ ತೂಕದಲ್ಲಿರುವ ವ್ಯತ್ಯಾಸ ನಾಲ್ಕಾರು ದಿನಗಳಲ್ಲಿ ಕೈಗೆ ರೂಢಿಯಾಗುತ್ತದೆ. ದೊಡ್ಡದಾದರೆ ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ಇನ್ನೂ ಆಳವಾದ ಕುಂಡಕ್ಕೆ ಬಿದಿರಿನ ಕಡ್ಡಿ ಚುಚ್ಚಿ ಹೊರತೆಗೆದರೆ ಒದ್ದೆ ಮಣ್ಣು ಎಲ್ಲಿಯವರೆಗೆ ಅಂಟಿದೆ ಎಂಬುದು ಕಾಣುತ್ತದೆ. ನೀರು ಬೇಕೆಂದು ಗೊತ್ತಾದ ಮೇಲೆ ಕೆಳಗಿನ ತೂತಿನಿಂದ ಹರಿದು ಬರುವಷ್ಟು ಹಾಕಬೇಕು. ದಿನಾ ಅರ್ಧ ಲೋಟದಂತೆ ಚಿಮುಕಿಸಿದರೆ ಮೇಲಿನ ಒಂದು ಅಂಗುಲವಷ್ಟೇ ನೆನೆದು ಕೆಳಗಿನ ಬೇರು ಒಣಗುತ್ತದೆ.

ಕುಂಡಗಳು ಜಾಸ್ತಿಯಿದ್ದಾಗ ಪ್ರತಿಯೊಂದನ್ನೂ ದಿನವೂ ಮುಟ್ಟಿ ನೋಡಲು ಯಾರಿಗೂ ಆಗದು. ಅದಕ್ಕೆ ನಾನು ಕಂಡುಕೊಂಡ ಉಪಾಯ, ಬಾಯಾರಿಕೆಯ ಪ್ರಕಾರ ಗಿಡಗಳನ್ನು ಗುಂಪು ಮಾಡುವುದು. ಜರಿಗಿಡ, ಪೀಸ್ ಲಿಲಿ, ಕ್ಯಾಲಥಿಯಾ ನಲ್ಲಿಗೆ ಹತ್ತಿರ. ಮನಿ ಪ್ಲಾಂಟ್, ಫಿಲೊಡೆಂಡ್ರಾನ್, ಅಗ್ಲೋನಿಮಾ ನಡುವೆ. ಸ್ನೇಕ್ ಪ್ಲಾಂಟ್, ಜೀಜೀ ಪ್ಲಾಂಟ್, ಲೋಳೆಸರ, ಕಳ್ಳಿಯ ಜಾತಿಯವು ನಲ್ಲಿಯಿಂದ ಸಾಧ್ಯವಾದಷ್ಟು ದೂರ. ನೀರು ಹೊತ್ತು ಅಲ್ಲಿಯವರೆಗೆ ಹೋಗುವುದೇ ಶ್ರಮ ಅನಿಸಬೇಕು. ಆಗ ಕೈತಪ್ಪಿಯೂ ಅವುಗಳಿಗೆ ನೀರು ಬೀಳುವುದಿಲ್ಲ.

2. ಕಿಟಕಿಯ ದಿಕ್ಕನ್ನು ಲಂಡನ್ನಿನ ಪುಸ್ತಕದಿಂದ ಕಲಿಯಬೇಡಿ

ಇಂಗ್ಲೆಂಡ್, ಅಮೆರಿಕದ ತೋಟಗಾರಿಕೆ ಪುಸ್ತಕಗಳು ಹೇಳುವುದು ಒಂದೇ: ದಕ್ಷಿಣದ ಕಿಟಕಿಗೆ ಬಿಸಿಲು ಹೆಚ್ಚು, ಉತ್ತರದ ಕಿಟಕಿಗೆ ನೇರ ಬಿಸಿಲಿಲ್ಲ. ಅವರ ಊರಿಗೆ ಅದು ಸರಿ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗೆ ಬರುತ್ತಾನೆ, ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳಿರುವುದಿಲ್ಲ. ಶಾಲೆಗಳಲ್ಲಿ ಶೂನ್ಯ ನೆರಳಿನ ದಿನವೆಂದು ಮಕ್ಕಳಿಗೆ ತೋರಿಸುವುದು ಇದನ್ನೇ. ಅಲ್ಲಿಂದ ಮುಂದೆ ಆಗಸ್ಟ್ 18ರ ಸುಮಾರಿಗೆ ಮತ್ತೆ ನೆತ್ತಿಗೆ ಬರುವವರೆಗೂ ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ಆಕಾಶದ ಉತ್ತರ ಭಾಗದಲ್ಲೇ ಸಾಗುತ್ತಾನೆ. ಅಷ್ಟೂ ಕಾಲ ನಮ್ಮ ದಕ್ಷಿಣದ ಗೋಡೆಗೆ ನೇರ ಬಿಸಿಲು ತಾಗುವುದೇ ಇಲ್ಲ. ಬೆಳಗ್ಗೆ ಸಂಜೆ ಓರೆಯಾಗಿ ಬಿಸಿಲು ಬೀಳುವುದು ಉತ್ತರದ ಕಿಟಕಿಗೆ. ಕಲಬುರಗಿಯಂಥ ಉತ್ತರದ ಊರುಗಳಲ್ಲಿ ನೆತ್ತಿಯ ಸೂರ್ಯ ಬರುವುದು ಮೇ ತಿಂಗಳಲ್ಲಿ, ಲೆಕ್ಕ ಮಾತ್ರ ಇದೇ.

ಇದರ ಪರಿಣಾಮವನ್ನು ಪ್ರತಿ ವರ್ಷ ಕಣ್ಣಾರೆ ನೋಡುತ್ತೇನೆ. ಡಿಸೆಂಬರಿನಲ್ಲಿ ದಕ್ಷಿಣದ ಕಿಟಕಿಯಿಂದ ಬಿಸಿಲು ಮೂರ್ನಾಲ್ಕು ಅಡಿ ಒಳಕ್ಕೆ ಚಾಚುತ್ತದೆ. ಕ್ರೋಟನ್ನಿಗೆ, ರಬ್ಬರ್ ಗಿಡಕ್ಕೆ ಅದು ಹಬ್ಬ, ಕ್ಯಾಲಥಿಯಾದ ಎಲೆಗೆ ಮಾತ್ರ ಸುಟ್ಟ ಕಲೆ. ಏಪ್ರಿಲ್ ಕೊನೆಯಲ್ಲಿ ಅದೇ ಕಿಟಕಿ ತಂಪು. ಆಗ ಜರಿಗಿಡಗಳನ್ನು ದಕ್ಷಿಣಕ್ಕೆ ತಂದು, ಉತ್ತರದ ಕಿಟಕಿಯಲ್ಲಿದ್ದ ಮೆತ್ತನೆಯ ಎಲೆಯ ಗಿಡಗಳನ್ನು ಗಾಜಿನಿಂದ ಎರಡಡಿ ಹಿಂದಕ್ಕೆ ಸರಿಸುತ್ತೇನೆ. ಜೂನಿನಲ್ಲಿ ಮೋಡ ಕವಿದರೆ ಬಿಸಿಲಿನ ಉರಿ ತಾನಾಗಿ ತಗ್ಗುತ್ತದೆ. ವರ್ಷಕ್ಕೆ ಎರಡು ಸಲ ಇಡೀ ಮನೆಯ ಕುಂಡಗಳ ಜಾಗ ಬದಲಿಸುವುದು ದೊಡ್ಡ ಕೆಲಸ ನಿಜ. ಬೇರೆ ಯಾವ ಉಪಚಾರವೂ ಗಿಡಕ್ಕೆ ಇಷ್ಟು ಒಳ್ಳೆಯದು ಮಾಡಿದ್ದನ್ನು ನಾನು ಕಂಡಿಲ್ಲ.

ಒಂದು ಜಾಗದ ಬೆಳಕು ಸಾಕೇ ಎಂದು ತಿಳಿಯಲು ಯಂತ್ರ ಬೇಡ. ನಡುಹಗಲಿನಲ್ಲಿ ಅಲ್ಲಿ ಬಿಳಿ ಹಾಳೆಯಿಟ್ಟು ಒಂದಡಿ ಮೇಲೆ ಅಂಗೈ ಹಿಡಿಯಿರಿ. ಬೆರಳುಗಳ ಅಂಚು ಸ್ಪಷ್ಟವಾಗಿ ಕಂಡರೆ ಹೂ ಬಿಡುವ ಗಿಡಕ್ಕೂ ಆದೀತು. ಮಸುಕಾದ ಆಕಾರ ಕಂಡರೆ ಮನಿ ಪ್ಲಾಂಟ್, ಅಗ್ಲೋನಿಮಾ, ಫಿಲೊಡೆಂಡ್ರಾನ್ ಬದುಕುತ್ತವೆ. ನೆರಳೇ ಕಾಣದಿದ್ದರೆ ಅಲ್ಲಿ ಯಾವ ಗಿಡವನ್ನೂ ಇಡಬೇಡಿ. ಸ್ನೇಕ್ ಪ್ಲಾಂಟ್ ಕತ್ತಲೆಯಲ್ಲೂ ಬೆಳೆಯುತ್ತದೆ ಎನ್ನುತ್ತಾರೆ. ಅದು ಅಲ್ಲಿ ಬೆಳೆಯುವುದಿಲ್ಲ, ಸಾಯಲು ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ.

3. ನರ್ಸರಿಯಿಂದ ಬಂದ ಮಣ್ಣು ಅಲ್ಲಿಯ ಕೆಲಸಕ್ಕೆ ಸರಿ, ಮನೆಗೆ ಅಲ್ಲ

ಬೆಂಗಳೂರಿನ ನರ್ಸರಿಗಳಿಗೆ ಬರುವ ಗಿಡಗಳಲ್ಲಿ ಎಷ್ಟೋ ಆಂಧ್ರದ ಗೋದಾವರಿ ತೀರದ ಕಡಿಯಂನವು. ಅಲ್ಲಿಯ ಅಂಟುಮಣ್ಣಿನ ಗಟ್ಟಿ ಉಂಡೆ ಬೇರಿಗೆ ಮೆತ್ತಿಕೊಂಡಿರುತ್ತದೆ. ಲಾರಿಯಲ್ಲಿ ನೂರಾರು ಕಿಲೋಮೀಟರ್ ಬರುವಾಗ ಬೇರು ಅಲುಗದಿರಲು, ತೇವ ಆರದಿರಲು ಅದು ಬೇಕು. ನಮ್ಮ ಹಜಾರದಲ್ಲಿ ಅದೇ ಉಂಡೆ ಒಮ್ಮೆ ನೆನೆದರೆ ವಾರಗಟ್ಟಲೆ ಆರುವುದಿಲ್ಲ, ಒಮ್ಮೆ ಒಣಗಿ ಬಿರುಕು ಬಿಟ್ಟರೆ ಎಷ್ಟು ನೀರು ಹಾಕಿದರೂ ಬದಿಯಿಂದಲೇ ಜಾರಿ ಹೋಗುತ್ತದೆ. ಹೊಸ ಕುಂಡಕ್ಕೆ ಎಂಥ ಒಳ್ಳೆಯ ಮಿಶ್ರಣ ತುಂಬಿದರೂ ನಡುವಿನ ಉಂಡೆ ಹಾಗೇ ಉಳಿದರೆ ಪ್ರಯೋಜನವಿಲ್ಲ. ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಬೆರಳಿನಿಂದ ಮೆಲ್ಲಗೆ ಬಿಡಿಸಿ, ಮೂರನೇ ಎರಡು ಭಾಗವಾದರೂ ತೆಗೆಯಬೇಕು. ಈ ಕೆಲಸಕ್ಕೆ ಜೂನ್, ಜುಲೈ ತಿಂಗಳು ಒಳ್ಳೆಯದು. ಗಾಳಿಯಲ್ಲಿ ತೇವವಿರುವುದರಿಂದ ಗಿಡ ಬೇಗ ಸುಧಾರಿಸಿಕೊಳ್ಳುತ್ತದೆ.

ನನ್ನ ಮಿಶ್ರಣ ಹೀಗಿದೆ: ಎರಡು ಪಾಲು ತೊಳೆದ ಕೊಕೊಪೀಟ್, ಒಂದು ಪಾಲು ಜರಡಿ ಹಿಡಿದ ಕೆಮ್ಮಣ್ಣು, ಒಂದು ಪಾಲು ಎರೆಹುಳು ಗೊಬ್ಬರ, ಒಂದು ಪಾಲು ದಪ್ಪ ಮರಳು ಅಥವಾ ಪರ್ಲೈಟ್, ಬಕೆಟ್ಟಿಗೊಂದು ಹಿಡಿ ಬೇವಿನ ಹಿಂಡಿ, ಒಂದಿಷ್ಟು ಇದ್ದಿಲ ಚೂರು. ಕಳ್ಳಿಗೆ ಮರಳು ಹೆಚ್ಚು, ಜರಿಗಿಡಕ್ಕೆ ಕೊಕೊಪೀಟ್ ಹೆಚ್ಚು. ಮಾನ್‌ಸ್ಟೆರಾ, ಆಂಥೂರಿಯಂಗೆ ತೆಂಗಿನ ಸಿಪ್ಪೆಯ ತುಂಡುಗಳನ್ನೂ ಸೇರಿಸುತ್ತೇನೆ. ಮುಷ್ಟಿಯಲ್ಲಿ ಹಿಡಿದರೆ ತಂಬಿಟ್ಟಿನ ಹಾಗೆ ಉಂಡೆಯಾಗಿ, ಬೆರಳಿನಿಂದ ತಟ್ಟಿದರೆ ಉದುರಬೇಕು. ಕೊಕೊಪೀಟನ್ನು ತೊಳೆಯದೆ ಬಳಸಬೇಡಿ. ಇಟ್ಟಿಗೆಯಾಕಾರದಲ್ಲಿ ಸಿಗುವ ಅಗ್ಗದ ಮಾಲಿನಲ್ಲಿ ಉಪ್ಪಿನಂಶ ಇರುತ್ತದೆ, ಎರಡು ಮೂರು ಸಲ ನೆನೆಸಿ ಹಿಂಡಿದರೆ ಹೋಗುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಹುದುಗಿಸಿದ ಕೊಕೊಪೀಟನ್ನು ಅರ್ಕ ಹೆಸರಿನಲ್ಲಿ ರೂಪಿಸಿದೆ. ಸಿಕ್ಕರೆ ಅದು ಒಳ್ಳೆಯದು.

ಕುಂಡದ ತಳಕ್ಕೆ ಜಲ್ಲಿ ತುಂಬಿಸಿದರೆ ನೀರು ಬೇಗ ಬಸಿಯುತ್ತದೆ ಎಂಬ ನಂಬಿಕೆ ಬಹಳ ಹಳೆಯದು. ಆಗುವುದು ಅದರ ವಿರುದ್ಧ. ನುಣ್ಣನೆಯ ಮಣ್ಣು ಪೂರ್ತಿ ನೆನೆದು ತುಂಬುವವರೆಗೆ ನೀರು ಕೆಳಗಿನ ದಪ್ಪ ಜಲ್ಲಿಗೆ ಇಳಿಯುವುದಿಲ್ಲ. ಜಲ್ಲಿಯಿಂದಾಗಿ ಆ ಒದ್ದೆಯ ಪದರ ಬೇರಿನ ಹತ್ತಿರಕ್ಕೆ ಏರಿದಂತಾಗುತ್ತದೆ. ಮಣ್ಣು ಹೊರಬೀಳದಂತೆ ತೂತಿನ ಮೇಲೆ ಒಂದು ಹೆಂಚಿನ ಚೂರು ಅಥವಾ ಸೊಳ್ಳೆಪರದೆಯ ತುಂಡು ಇಟ್ಟರೆ ಸಾಕು.

4. ಕುಂಡ ಒಂದೇ ಅಳತೆ ಮೇಲೇರಲಿ

ಆರಂಗುಲದ ಕುಂಡದಲ್ಲಿದ್ದ ಗಿಡವನ್ನು ಎಂಟಂಗುಲಕ್ಕೆ ಏರಿಸಿ, ನೇರ ಹನ್ನೆರಡಕ್ಕೆ ಬೇಡ. ಬೇರು ತಲುಪದ ಜಾಗದ ಮಣ್ಣು ಆರದೆ ಕೊಳೆಯುತ್ತದೆ. ಮಣ್ಣಿನ ಕುಂಡ ಬದಿಯಿಂದಲೂ ಉಸಿರಾಡುತ್ತದೆ, ಹಾಗಾಗಿ ಹೆಚ್ಚು ನೀರು ಹಾಕುವ ಕೈಯವರಿಗೆ ಅದೇ ಸೂಕ್ತ. ಮರೆವಿನವರಿಗೆ ಪ್ಲಾಸ್ಟಿಕ್ ಆಗಬಹುದು. ತಳದಲ್ಲಿ ತೂತಿಲ್ಲದ ಪಿಂಗಾಣಿ ಕುಂಡಕ್ಕೆ ನೇರವಾಗಿ ಗಿಡ ನೆಡಬೇಡಿ. ಗಿಡ ಪ್ಲಾಸ್ಟಿಕ್ ಕುಂಡದಲ್ಲೇ ಇರಲಿ, ಅದನ್ನು ಪಿಂಗಾಣಿಯೊಳಗೆ ಇಳಿಸಿ.

ಭಾರದ ವಿಚಾರವನ್ನು ಯಾರೂ ಯೋಚಿಸುವುದಿಲ್ಲ. ಹನ್ನೆರಡು ಅಂಗುಲದ ಕುಂಡ ನೆಲದ ಮಣ್ಣು ತುಂಬಿ ನೆನೆದಾಗ 20 ಕೆಜಿ ದಾಟುತ್ತದೆ. ಅಂಥ ಒಂಬತ್ತನ್ನು ಒತ್ತೊತ್ತಾಗಿ ಇಟ್ಟರೆ ಒಂದು ಚದರ ಮೀಟರಿಗೆ ಸುಮಾರು 200 ಕೆಜಿ. ಭಾರತೀಯ ಮಾನದಂಡ 875ರ ಪ್ರಕಾರ ವಾಸದ ಮನೆಯ ಬಾಲ್ಕನಿಯನ್ನು ವಿನ್ಯಾಸ ಮಾಡುವುದು ಚದರ ಮೀಟರಿಗೆ ಸುಮಾರು 300 ಕೆಜಿಯ ಭಾರಕ್ಕೆ, ಅದರಲ್ಲಿ ಓಡಾಡುವ ಜನರೂ ಸೇರಿದ್ದಾರೆ. ಹಳೆಯ ಮನೆಯಾದರೆ ಇನ್ನೂ ಎಚ್ಚರ ಬೇಕು. ದೊಡ್ಡ ಕುಂಡಗಳನ್ನು ಬಾಲ್ಕನಿಯ ತುದಿಯಲ್ಲಿಡದೆ ಗೋಡೆಯ ಬದಿಗೆ ಇಡಿ, ಕೊಕೊಪೀಟ್ ಹೆಚ್ಚಿರುವ ಹಗುರ ಮಿಶ್ರಣ ಬಳಸಿ. ಕೈಪಿಡಿಯ ಗೋಡೆಯ ಮೇಲೆ ಕಟ್ಟದ ಕುಂಡ ಇಡುವುದಂತೂ ಕೆಳಗೆ ಓಡಾಡುವವರ ಜೀವದ ಪ್ರಶ್ನೆ.

5. ಹೊಸ ಗಿಡ ನೇರವಾಗಿ ಗುಂಪಿಗೆ ಸೇರಬಾರದು

ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನದ ಹೊತ್ತಿಗೆ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ಮುಗಿಸಿ ಬರುವವರ ಕೈಯಲ್ಲೆಲ್ಲ ಗಿಡ. ಹಸಿರು ಪರದೆಯ ನೆರಳಲ್ಲಿ, ತೇವದ ಗಾಳಿಯಲ್ಲಿ ಬೆಳೆದ ಗಿಡ ಮನೆಗೆ ಬಂದ ವಾರದಲ್ಲೇ ಒಂದಿಷ್ಟು ಎಲೆ ಉದುರಿಸುತ್ತದೆ. ಗಾಬರಿಯಾಗಿ ಗೊಬ್ಬರ ಹಾಕಬೇಡಿ, ಕುಂಡ ಬದಲಿಸಬೇಡಿ. ಮೂರು ವಾರ ಅದನ್ನು ಬೇರೆ ಕೋಣೆಯಲ್ಲಿಟ್ಟು ಸುಮ್ಮನೆ ನೋಡಿ. ಎಲೆಯ ಕೆಳಭಾಗ, ತೊಟ್ಟಿನ ಬುಡ, ಕುಂಡದ ತಳದ ತೂತು, ಈ ಮೂರು ಕಡೆ ದಿನ ಬಿಟ್ಟು ದಿನ ಕಣ್ಣಾಡಿಸಿ. ಕೀಟದ ಮೊಟ್ಟೆಗಳಿದ್ದರೆ ಅಷ್ಟರೊಳಗೆ ಒಡೆದು ಹುಳು ಕಾಣಿಸುತ್ತದೆ. ಇನ್ನೂರು ಗಿಡದ ನಡುವೆ ಒಂದು ಹಿಟ್ಟು ತಿಗಣೆಯ ಗಿಡವನ್ನು ಇಟ್ಟರೆ ಆಮೇಲೆ ಇನ್ನೂರಕ್ಕೂ ಮದ್ದು ಮಾಡಬೇಕು. ಸ್ನೇಹಿತರು ಪ್ರೀತಿಯಿಂದ ಕೊಟ್ಟ ಗಿಡಕ್ಕೂ ಇದೇ ನಿಯಮ.

6. ಇರುವೆಯ ಸಾಲು ಕಂಡರೆ ಅದರ ಜಾಡು ಹಿಡಿಯಿರಿ

ಹಿಟ್ಟು ತಿಗಣೆ, ಸಸ್ಯಹೇನು, ಚಿಪ್ಪು ಕೀಟಗಳು ಗಿಡದ ರಸ ಹೀರಿ ಸಿಹಿಯಾದ ಅಂಟನ್ನು ಹೊರಹಾಕುತ್ತವೆ. ಇರುವೆ ಬರುವುದು ಆ ಸಿಹಿಗೆ. ಬಂದು ತಿಂದು ಹೋಗುವುದಿಲ್ಲ, ಆ ಕೀಟಗಳನ್ನು ಶತ್ರುಗಳಿಂದ ಕಾಯುತ್ತದೆ, ಹೊಸ ಚಿಗುರಿಗೆ ಹೊತ್ತುಕೊಂಡೂ ಹೋಗುತ್ತದೆ. ಆದ್ದರಿಂದ ಕುಂಡದ ಮೇಲೆ ಇರುವೆ ಹರಿದಾಡುತ್ತಿದ್ದರೆ ಕೀಟ ಎಲ್ಲೋ ಅಡಗಿರುವ ಸಾಧ್ಯತೆ ಹೆಚ್ಚು. ಇರುವೆಯನ್ನು ತಡೆಯದೆ ಕೀಟ ಹೋಗುವುದಿಲ್ಲ.

ಕೀಟ ಕಡಿಮೆಯಿದ್ದರೆ ಹತ್ತಿಯನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದನ್ನೇ ಒರೆಸಿ ತೆಗೆಯಬಹುದು. ಹೆಚ್ಚಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ. ಎಣ್ಣೆ ನೀರಿನಲ್ಲಿ ಬೆರೆಯಲು ಮೊದಲು ಒಂದೆರಡು ಮಿಲಿ ದ್ರವ ಸೋಪಿನಲ್ಲಿ ಅದನ್ನು ಚೆನ್ನಾಗಿ ಕಲಸಬೇಕು. ಸಂಜೆ ಹೊತ್ತು ಎಲೆಯ ಅಡಿಭಾಗಕ್ಕೆ ತಾಗುವಂತೆ ಸಿಂಪಡಿಸಿ, ಬಿಸಿಲಿನಲ್ಲಿ ಹಾಕಿದರೆ ಎಲೆ ಸುಡುತ್ತದೆ. ಜರಿಗಿಡದಂಥ ಮೆತ್ತನೆಯವಕ್ಕೆ ಮೊದಲು ಒಂದೇ ಎಲೆಯ ಮೇಲೆ ಪ್ರಯೋಗಿಸಿ ಎರಡು ದಿನ ಕಾಯಬೇಕು. ಒಂದು ಸಲಕ್ಕೆ ಮುಗಿಯಿತು ಎಂದುಕೊಳ್ಳಬೇಡಿ. ಮೊಟ್ಟೆಗೆ ಬೇವು ತಾಗುವುದು ಕಡಿಮೆ, ಆದ್ದರಿಂದ ವಾರಕ್ಕೊಮ್ಮೆಯಂತೆ ಮೂರು ಸಲವಾದರೂ ಹಾಕಬೇಕು. ಫೆಬ್ರವರಿಯಿಂದ ಮೇವರೆಗಿನ ಒಣ ಹವೆಯಲ್ಲಿ ಬರುವುದು ಕೆಂಪು ನುಸಿ. ಎಲೆ ಮಂಕಾಗಿ ಸಣ್ಣ ಚುಕ್ಕಿಗಳಿದ್ದರೆ ಬಿಳಿ ಹಾಳೆಯ ಮೇಲೆ ಎಲೆಯನ್ನು ಕೊಡವಿ, ಹರಿದಾಡುವ ಧೂಳಿನ ಕಣ ಕಂಡರೆ ಅದೇ. ಎಲೆಯ ಅಡಿಗೆ ನೀರಿನ ರಭಸದ ಎರಚು ಅರ್ಧ ಕೆಲಸ ಮಾಡುತ್ತದೆ.

ಇಲ್ಲಿ ಒಂದು ಮಾತು ಬಹಳ ಜನರಿಗೆ ಹೇಳಿದ್ದೇನೆ. ಬಾಲ್ಕನಿಯ ಗಿಡದಲ್ಲಿ ಹಿಟ್ಟು ತಿಗಣೆಗಿಂತ ದೊಡ್ಡದಾದ, ಬಿಳಿ ಮೇಣದ ಎಳೆಗಳು ಜೋತಾಡುವ, ಚುರುಕಾಗಿ ಓಡುವ ಹುಳು ಕಂಡರೆ ಕೊಲ್ಲಬೇಡಿ. ಅದು ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳದ ಮರಿ. ಮೂಲ ಆಸ್ಟ್ರೇಲಿಯದ್ದು, ಹಿಟ್ಟು ತಿಗಣೆಯೇ ಅದರ ಆಹಾರ. ನಮ್ಮ ದ್ರಾಕ್ಷಿ, ಕಾಫಿ ತೋಟಗಳಲ್ಲಿ ಅದನ್ನು ಸಾಕಿ ಬಿಡುತ್ತಾರೆ. ನೋಡಲು ತಿಗಣೆಯ ಹಾಗೇ ಇರುವುದರಿಂದ ಸ್ಪ್ರೇ ಹಿಡಿದವರು ಮೊದಲು ಕೊಲ್ಲುವುದು ಅದನ್ನೇ. ಒಂದು ನಿಮಿಷ ಬಗ್ಗಿ ನೋಡಿದರೆ ಈ ಅನ್ಯಾಯ ತಪ್ಪುತ್ತದೆ.

7. ಯಾವ ನೀರು ಎಂಬುದನ್ನೂ ನೋಡಬೇಕು

ಕುಂಡದ ಹೊರಮೈಯಲ್ಲಿ, ಮಣ್ಣಿನ ಮೇಲೆ ಬಿಳಿ ಉಪ್ಪು ಕಟ್ಟಿದರೆ ಅದು ಕೊಳವೆಬಾವಿಯ ಗಡಸು ನೀರಿನ ಗುರುತು, ಅತಿ ಗೊಬ್ಬರದ್ದೂ ಇರಬಹುದು. ಎರಡು ತಿಂಗಳಿಗೊಮ್ಮೆ ಕುಂಡವನ್ನು ಬಚ್ಚಲಿಗೆ ಒಯ್ದು ಅದರ ಗಾತ್ರದ ಎರಡರಷ್ಟು ಒಳ್ಳೆಯ ನೀರು ಹರಿಸಿ ಉಪ್ಪು ತೊಳೆಯಿರಿ. ಅಪಾರ್ಟ್‌ಮೆಂಟುಗಳ ಸಾಫ್ಟನರ್ ಯಂತ್ರದಿಂದ ಬರುವ ನೀರು ಸ್ನಾನಕ್ಕೆ ಹಿತ, ಗಿಡಕ್ಕೆ ಅಲ್ಲ. ಅದು ಸುಣ್ಣದಂಶವನ್ನು ತೆಗೆದು ಸೋಡಿಯಂ ಸೇರಿಸಿರುತ್ತದೆ. ಸಾಧ್ಯವಿದ್ದರೆ ಯಂತ್ರಕ್ಕಿಂತ ಮೊದಲಿನ ನಲ್ಲಿಯಿಂದ ಹಿಡಿದುಕೊಳ್ಳಿ. ಆರ್‌ಒ ಯಂತ್ರ ಹೊರಬಿಡುವ ನೀರಿನಲ್ಲಿ ಉಪ್ಪು ಇನ್ನೂ ಹೆಚ್ಚು, ಅದು ನೆಲ ಒರೆಸಲು ಇರಲಿ. ಎ.ಸಿ.ಯಿಂದ ತೊಟ್ಟಿಕ್ಕುವ ನೀರು ಕುಂಡಕ್ಕೆ ಧಾರಾಳವಾಗಿ ಆಗುತ್ತದೆ. ಮಳೆನೀರಿಗೆ ಸಮನಾದುದು ಯಾವುದೂ ಇಲ್ಲ.

2024ರ ಮಾರ್ಚಿಯಲ್ಲಿ ನೀರಿನ ಬರ ಬಂದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿತು. ಅದು ನ್ಯಾಯವಾದ ಆದೇಶ. ಜನರಿಗೆ ಕುಡಿಯಲು ಇಲ್ಲದಾಗ ಅಂದದ ಗಿಡಕ್ಕೆ ಕಾವೇರಿ ಸುರಿಯುವ ಹಕ್ಕು ನಮಗಿಲ್ಲ. ತರಕಾರಿ, ಅಕ್ಕಿ ತೊಳೆದ ನೀರನ್ನು ಹಿಡಿದಿಟ್ಟು ಅಂದೇ ಬಾಲ್ಕನಿಯ ಗಿಡಗಳಿಗೆ ಹಾಕುವ ಅಭ್ಯಾಸ ಆಗ ಎಷ್ಟೋ ಮನೆಗಳಲ್ಲಿ ಶುರುವಾಯಿತು. ಬರ ಹೋದ ಮೇಲೂ ಅದನ್ನು ಬಿಡಬಾರದು. ಅಕ್ಕಚ್ಚನ್ನು ಮಾತ್ರ ಮನೆಯೊಳಗಿನ ಕುಂಡಕ್ಕೆ ಹಾಕಬೇಡಿ, ವಾಸನೆ ಬರುತ್ತದೆ, ಸಣ್ಣ ಕಪ್ಪು ನೊಣಗಳು ಹುಟ್ಟುತ್ತವೆ.

8. ಕುಂಡದ ತಟ್ಟೆಯಲ್ಲಿ ನೀರು ನಿಲ್ಲಬಾರದು

ಡೆಂಗಿ ಹರಡುವ ಈಡಿಸ್ ಸೊಳ್ಳೆ ಚರಂಡಿ ಹುಡುಕುವುದಿಲ್ಲ. ಕುಂಡದ ತಟ್ಟೆ, ಮನಿ ಪ್ಲಾಂಟ್ ಇಟ್ಟ ಸೀಸೆ, ಬಿದಿರು ಗಿಡದ ಗಾಜಿನ ಬಟ್ಟಲು, ಇವೇ ಅದಕ್ಕೆ ಬೇಕಾದ ತಿಳಿನೀರಿನ ತಾಣಗಳು. ಮೊಟ್ಟೆಯಿಂದ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಏಳರಿಂದ ಹತ್ತು ದಿನ ಸಾಕು. ಹಾಗಾಗಿ ವಾರಕ್ಕೊಮ್ಮೆ, ತಪ್ಪದೆ, ಎಲ್ಲ ತಟ್ಟೆ ಸೀಸೆಗಳ ನೀರು ಚೆಲ್ಲಬೇಕು. ಚೆಲ್ಲಿದರಷ್ಟೇ ಸಾಲದು. ಮೊಟ್ಟೆಗಳು ಅಂಚಿಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕಿ, ನೀರು ತಾಗಿದೊಡನೆ ಒಡೆಯುತ್ತವೆ. ನಾರಿನಿಂದ ಉಜ್ಜಿ ತೊಳೆಯಿರಿ. ವಾರದ ಲೆಕ್ಕ ಬೇಡ ಎಂದು ಮೊದಲೇ ಹೇಳಿದೆ. ಲೆಕ್ಕ ಇಟ್ಟು ಮಾಡಲೇಬೇಕಾದ ಕೆಲಸ ಇದೊಂದೇ. ನೂರು ಕುಂಡ ಸಾಕುವವರು ತಮ್ಮ ಮನೆಗೆ ಮಾತ್ರವಲ್ಲ, ಇಡೀ ಬೀದಿಗೆ ಇದರ ಹೊಣೆಗಾರರು.

9. ಗೊಬ್ಬರ ಬೆಳಕಿಗೆ ತಕ್ಕಷ್ಟು

ಬೆಳಕು ಕಡಿಮೆಯಿರುವಲ್ಲಿ ಗಿಡದ ಬೆಳವಣಿಗೆ ನಿಧಾನ, ಅದಕ್ಕೆ ಬೇಕಾದ ಆಹಾರವೂ ಕಡಿಮೆ. ಎಂಟಂಗುಲದ ಕುಂಡಕ್ಕೆ ಎರಡು ತಿಂಗಳಿಗೊಮ್ಮೆ ಒಂದು ಹಿಡಿ ಎರೆಹುಳು ಗೊಬ್ಬರ ಬಹುತೇಕ ಗಿಡಗಳಿಗೆ ಸಾಕು. ರಾಸಾಯನಿಕ ಬೇಕೆನ್ನುವವರು 19:19:19 ಪುಡಿಯನ್ನು ಲೀಟರಿಗೆ ಅರ್ಧ ಗ್ರಾಂನಂತೆ ಕರಗಿಸಿ ಚಿಗುರುವ ಕಾಲದಲ್ಲಿ ತಿಂಗಳಿಗೊಮ್ಮೆ ಕೊಡಬಹುದು. ಒಣಗಿದ ಮಣ್ಣಿಗೆ ಯಾವ ಗೊಬ್ಬರವೂ ಬೇಡ, ಬೇರು ಸುಡುತ್ತದೆ. ಕಡಲೆಕಾಯಿ ಹಿಂಡಿ ನೆನೆಸಿದ ನೀರು ಹೂಗಿಡಗಳಿಗೆ ಬಹಳ ಒಳ್ಳೆಯದು, ವಾಸನೆಯ ಕಾರಣ ತಾರಸಿಯಲ್ಲೇ ಬಳಸಬೇಕು. ಮೊಟ್ಟೆಯ ಸಿಪ್ಪೆ ಕರಗಲು ವರ್ಷಗಳು ಬೇಕು. ಬಾಳೆಹಣ್ಣಿನ ಸಿಪ್ಪೆ, ಟೀ ಚರಟ ಎಲ್ಲವೂ ಕಾಂಪೋಸ್ಟ್ ಬುಟ್ಟಿಯ ಮೂಲಕವೇ ಕುಂಡಕ್ಕೆ ಬರಲಿ.

10. ಎಲೆ ಒರೆಸುವುದು ಶೃಂಗಾರವಲ್ಲ

ಧೂಳು ಬೆಳಕನ್ನು ತಡೆಯುತ್ತದೆ, ನಮ್ಮ ರಸ್ತೆಗಳ ಧೂಳಂತೂ ಹೇಳುವುದೇ ಬೇಡ. ಒದ್ದೆ ಮಾಡಿ ಹಿಂಡಿದ ಹತ್ತಿ ಬಟ್ಟೆ ಸಾಕು. ಹೊಳಪಿಗೆಂದು ಹಾಲು, ತೆಂಗಿನೆಣ್ಣೆ ಹಚ್ಚಬೇಡಿ, ಎಲೆಯ ಉಸಿರಾಟದ ರಂಧ್ರಗಳು ಮುಚ್ಚುತ್ತವೆ, ಧೂಳು ಇನ್ನಷ್ಟು ಅಂಟುತ್ತದೆ. ಒರೆಸುವಾಗ ಪ್ರತಿ ಎಲೆಯೂ ಕೈಗೆ ಬರುತ್ತದಲ್ಲ, ಕೀಟ, ಕಲೆ, ಹೊಸ ಚಿಗುರು ಎಲ್ಲ ಆಗಲೇ ಕಾಣುವುದು. ದಿನಕ್ಕೊಂದು ಮೂಲೆಯಂತೆ ಒರೆಸುತ್ತ ಬಂದರೆ ತಿಂಗಳೊಳಗೆ ಇಡೀ ಮನೆಯನ್ನು ಒಮ್ಮೆ ಪರೀಕ್ಷಿಸಿದಂತಾಗುತ್ತದೆ. ಮಾರ್ಚಿಯ ಮಧ್ಯಾಹ್ನಗಳಲ್ಲಿ ಗಾಳಿಯ ತೇವ ತೀರಾ ಇಳಿದಾಗ ಕ್ಯಾಲಥಿಯಾದ ಅಂಚು ಕಂದುತ್ತದೆ. ನೀರು ಚಿಮುಕಿಸಿದರೆ ಅದರ ಪ್ರಭಾವ ಕೆಲವೇ ನಿಮಿಷ. ಗಿಡಗಳನ್ನು ಒತ್ತೊತ್ತಾಗಿ ಇಡುವುದು ಹೆಚ್ಚು ಫಲಕಾರಿ.

11. ಗಾಳಿ ಶುದ್ಧವಾಗುತ್ತದೆಂದು ಗಿಡ ಕೊಳ್ಳಬೇಡಿ

ಅಂಗಡಿಗಳು ಹೇಳುವ ಈ ಮಾತಿನ ಮೂಲ 1989ರ ನಾಸಾ ಅಧ್ಯಯನ. ಅದು ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಕಟ್ಟಡದಲ್ಲಿ ಸಹಜವಾಗಿ ಆಗುವ ಗಾಳಿಯಾಟಕ್ಕೆ ಸರಿಗಟ್ಟಲು ಒಂದೊಂದು ಚದರ ಮೀಟರ್ ನೆಲಕ್ಕೆ 10ರಿಂದ 1,000 ಗಿಡ ಬೇಕು. ನನ್ನ ಹಜಾರದಲ್ಲಿ ಕಾಲಿಡಲು ಕಷ್ಟವಾಗುವಷ್ಟು ಗಿಡಗಳಿವೆ, ಆದರೂ ಗಾಳಿಗಾಗಿ ನಾನು ತೆರೆಯುವುದು ಕಿಟಕಿಯನ್ನೇ. ಹೊಸ ಎಲೆ ಸುರುಳಿ ಬಿಚ್ಚುವುದನ್ನು ನೋಡುವ ಸಂತೋಷವೊಂದೇ ಗಿಡ ಸಾಕಲು ಸಾಕಾದ ಕಾರಣ.

12. ಮಕ್ಕಳು, ನಾಯಿ, ಬೆಕ್ಕು ಇರುವ ಮನೆಯಲ್ಲಿ

ಡಿಫೆನ್‌ಬೇಕಿಯಾ, ಮನಿ ಪ್ಲಾಂಟ್, ಫಿಲೊಡೆಂಡ್ರಾನ್, ಮಾನ್‌ಸ್ಟೆರಾಗಳ ಎಲೆಯಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಕಚ್ಚಿದರೆ ಬಾಯಿ ಉರಿದು ನಾಲಿಗೆ ಊದಿಕೊಳ್ಳುತ್ತದೆ. ನಿಮಿಷದಲ್ಲಿ ಪ್ರಾಣ ಹೋಗುತ್ತದೆ ಎಂಬ ವಾಟ್ಸಾಪ್ ಸುದ್ದಿ ಸುಳ್ಳು. ಆದರೂ ಬಾಯಿ ತೊಳೆದು ವೈದ್ಯರಿಗೆ ತೋರಿಸಲೇಬೇಕು. ನಾಯಿಗಳಿಗೆ ಸೈಕಾಸ್, ಬೆಕ್ಕುಗಳಿಗೆ ನಿಜವಾದ ಲಿಲ್ಲಿ ಹೂಗಳು ಪ್ರಾಣಾಂತಿಕ. ಕಣಗಿಲೆ ಎಲ್ಲರಿಗೂ ವಿಷ. ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಸವರುವಾಗ ಕನ್ನಡಕ ಹಾಕಿಕೊಳ್ಳಿ. ನಾಯಿ, ಬೆಕ್ಕು, ಚಿಕ್ಕ ಮಗು ಇರುವ ಮನೆಗೆ ಇವನ್ನು ತರದಿರುವುದೇ ಮೇಲು. ತೂಗುಕುಂಡದಲ್ಲಿ ಸ್ಪೈಡರ್ ಪ್ಲಾಂಟ್, ಬೋಸ್ಟನ್ ಜರಿಗಿಡ ಇಡಿ.

13. ಊರಿಗೆ ಹೋಗುವಾಗ

ನೆರೆಮನೆಯವರಿಗೆ ಹೇಳಿಹೋಗುವುದಾದರೆ ಎಷ್ಟು ಹಾಕಬೇಕು ಎನ್ನುವುದಕ್ಕಿಂತ ಯಾವುದಕ್ಕೆ ಹಾಕಬಾರದು ಎಂದು ಬರೆದಿಡಿ. ನಮ್ಮ ಮನೆಗೆಲಸಕ್ಕೆ ಬರುವ ಅಕ್ಕ ಈಗ ಕೆಂಪು ರಿಬ್ಬನ್ ಕಟ್ಟಿದ ಕುಂಡಗಳನ್ನು ಮುಟ್ಟುವುದೇ ಇಲ್ಲ. ಒಂದು ವಾರದ ಪ್ರಯಾಣಕ್ಕೆ ಚೆನ್ನಾಗಿ ನೀರುಣಿಸಿ, ಕಿಟಕಿಯಿಂದ ಹಿಂದಕ್ಕೆ ಸರಿಸಿ ಗುಂಪಾಗಿ ಇಟ್ಟರೆ ಮುಕ್ಕಾಲು ಪಾಲು ಗಿಡಗಳಿಗೆ ಬೇರೆ ವ್ಯವಸ್ಥೆಯೇ ಬೇಡ. ಜರಿಗಿಡದಂಥವಕ್ಕೆ ಬಕೆಟ್ಟಿನಿಂದ ಹತ್ತಿಯ ಬತ್ತಿ ಎಳೆದು ಮಣ್ಣಿನೊಳಗೆ ಹುದುಗಿಸಿ. ಬಕೆಟ್ಟಿನ ಬಾಯಿಗೆ ಬಟ್ಟೆ ಕಟ್ಟಲು ಮರೆಯಬೇಡಿ, ಸೊಳ್ಳೆಯ ವಿಷಯ ಮೇಲೆಯೇ ಹೇಳಿದ್ದೇನೆ.

14. ಹೆಚ್ಚಿದ್ದನ್ನು ಕೊಡಿ, ಕಾಡಿನದನ್ನು ತರಬೇಡಿ

ಎಷ್ಟು ಗಿಡ ಇರಬೇಕು ಎಂಬುದಕ್ಕೆ ನನ್ನ ಅಳತೆ ಇಷ್ಟೇ: ವಾರದಲ್ಲಿ ಒಮ್ಮೆಯೂ ಹತ್ತಿರದಿಂದ ನೋಡಲಾಗದ ಗಿಡ ನನ್ನ ಮನೆಯಲ್ಲಿ ಇರಬಾರದು, ಅದು ಬೇರೆಯವರ ಮನೆಗೆ ಹೋಗಬೇಕು. ಮಲೆನಾಡಿನ ಹೆಂಗಸರು ಮದುವೆ ಮುಂಜಿಗೆ ಹೋದಲ್ಲೆಲ್ಲ ಅಂಗಳ ಸುತ್ತಿ ಡೇರೆಯ ಗಡ್ಡೆಯೋ ಬಿಗೋನಿಯದ ತುಂಡೋ ಬ್ರಹ್ಮಕಮಲದ ಎಲೆಯೋ ಕೇಳಿ ತರುತ್ತಾರೆ, ಕೊಟ್ಟು ಕಳಿಸುತ್ತಾರೆ. ಅಪರೂಪದ ಬಣ್ಣದ ಗಿಡವೊಂದು ಹತ್ತು ಮನೆಗಳಲ್ಲಿದ್ದರೆ ಒಂದು ಕಡೆ ಸತ್ತರೂ ಮತ್ತೊಂದು ಕಡೆಯಿಂದ ವಾಪಸ್ ಬರುತ್ತದೆ. ಕೊಡುವಾಗ ಹೆಸರು, ಇದ್ದ ಕಿಟಕಿಯ ದಿಕ್ಕು, ಎಷ್ಟು ಒಣಗಿದ ಮೇಲೆ ನೀರು ಎಂಬಿಷ್ಟನ್ನು ಚೀಟಿಯಲ್ಲಿ ಬರೆದು ಕೊಡಿ.

ಕಾಡಿನ ಗಿಡಗಳ ವಿಷಯ ಬೇರೆ. ಮಳೆಗಾಲದ ಆರಂಭದಲ್ಲಿ ಮಲೆನಾಡಿನ ಮರಗಳ ಮೇಲೆ ಹೂ ಬಿಡುವ ಸೀತಾಳೆ ದಂಡೆ ಎಂಬ ಆರ್ಕಿಡ್ ಗಿಡವನ್ನು ಬೇರುಸಹಿತ ಕಿತ್ತು ರಸ್ತೆಬದಿಯಲ್ಲಿ ಮಾರುವುದನ್ನು ನೋಡಿದ್ದೇನೆ. ಅದರ ಬೇರು ಬೆಳೆಯುವುದು ಮರದ ತೊಗಟೆಗೆ ಅಂಟಿಕೊಂಡು, ಕಾಡಿನ ತೇವದಲ್ಲಿ. ಹಾಗೆ ಹರಿದು ತಂದದ್ದು ನಗರದ ಬಾಲ್ಕನಿಯಲ್ಲಿ ಉಳಿಯುವುದು ಅಪರೂಪ. ಮೀಸಲು ಅರಣ್ಯದಿಂದ ಕಿತ್ತು ತರುವುದು ಕಾನೂನಿಗೂ ವಿರುದ್ಧ. ಆರ್ಕಿಡ್ ಬೇಕಿದ್ದರೆ ನರ್ಸರಿಯಲ್ಲಿ ಬೆಳೆಸಿದ ಡೆಂಡ್ರೋಬಿಯಂ ಸಿಗುತ್ತದೆ, ಬೆಳೆಸಲೂ ಸುಲಭ. ಕಾಡಿನಿಂದ ಕಿತ್ತು ತಂದ ಗಿಡವನ್ನು ಯಾರೇ ತೋರಿಸಲಿ, ಎಷ್ಟೇ ಅಗ್ಗಕ್ಕೆ ಕೊಡಲಿ, ದಯವಿಟ್ಟು ಕೊಳ್ಳಬೇಡಿ.